ಬಿಳಿ ಅಂಚಿನ ನಂದಿಬಟ್ಟಲು

ನಂದಿಬಟ್ಟಲು ಇಲ್ಲದ ಬೀದಿ ನಮ್ಮ ಕಡೆ ಕಡಿಮೆ. ದೇವಸ್ಥಾನದ ಅಂಗಳದಲ್ಲಿ, ಹಳೇ ಮನೆಗಳ ಗೇಟಿನ ಪಕ್ಕ, ಶಾಲೆಯ ಕಾಂಪೌಂಡಿನ ಉದ್ದಕ್ಕೂ ಇದ್ದೇ ಇರುತ್ತದೆ. ಕಡುಹಸಿರು ಎಲೆ, ಅಚ್ಚ ಬಿಳಿ ಹೂವು. ಬೆಳಗ್ಗೆ ಬುಟ್ಟಿ ಹಿಡಿದು ಬಂದವರಿಗೆ ಎಂದೂ ಇಲ್ಲ ಅನ್ನದ ಗಿಡ. ಆದರೆ ಎಲೆಗೇ ಬಿಳಿ ಅಂಚಿರುವ ನಂದಿಬಟ್ಟಲನ್ನು ನಾನು ಮೊದಲು ನೋಡಿದ್ದು ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ಒಂದು ನರ್ಸರಿಯಲ್ಲಿ. ಎಲೆಯ ನಡುವೆ ಬೂದು ಬೆರೆತ ಹಸಿರು, ಸುತ್ತಲೂ ಕೆನೆ ಬಣ್ಣದ ಅಂಚು. ಯಾವ ಎರಡು ಎಲೆಯೂ ಒಂದೇ ತರ ಇರಲಿಲ್ಲ. ಒಂದರಲ್ಲಿ ಅಂಚು ತೆಳ್ಳಗೆ, ಇನ್ನೊಂದರಲ್ಲಿ ಅರ್ಧಕ್ಕರ್ಧ ಬಿಳಿ. ಒಂದೇ ಒಂದು ಹೂ ಇಲ್ಲದಿದ್ದರೂ ದೂರದಿಂದಲೇ ಕಣ್ಣು ಸೆಳೆಯುತ್ತಿತ್ತು. ನರ್ಸರಿಯವರು ಅದನ್ನು ‘ವೇರಿಗೇಟೆಡ್ ಚಾಂದನಿ’ ಅಂದರು. ನಮ್ಮ ಮನೆಗೆ ಬಂದ ಮೇಲೆ ಅದು ಅಮ್ಮನ ಬಾಯಲ್ಲಿ ‘ಅಂಚಿನ ಗಿಡ’ ಆಯಿತು.

ನೆಟ್ಟಿದ್ದು ಮನೆಯ ಪೂರ್ವದ ಮೂಲೆಯಲ್ಲಿ. ಜಾಗದ ವಿಷಯದಲ್ಲಿ ಈ ಗಿಡ ಸ್ವಲ್ಪ ನಾಜೂಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಚಳಿ ಬಂದರೂ ಮಂಜುಗಡ್ಡೆ ಕಟ್ಟುವ ಚಳಿಯಲ್ಲ, ಬೇಸಿಗೆ ಬಂದರೂ ಕಲಬುರಗಿಯ ಬಿಸಿಲಲ್ಲ. ಅದಕ್ಕೇ ನಂದಿಬಟ್ಟಲು ವರ್ಷಪೂರ್ತಿ ಎಲೆ ತುಂಬಿಕೊಂಡೇ ಇರುತ್ತದೆ. ಆದರೆ ಎಲೆಯ ಬಿಳಿ ಭಾಗದಲ್ಲಿ ಹಸಿರು ಬಣ್ಣದ ಕ್ಲೋರೋಫಿಲ್ ಇರುವುದಿಲ್ಲ, ಅಲ್ವಾ? ಆ ಭಾಗ ಬಿಸಿಲು ತಡೆಯುವುದೂ ಕಡಿಮೆ. ಪಶ್ಚಿಮದ ಗೋಡೆಗೆ ಒತ್ತಿ ಬೆಳೆಸಿದರೆ ಏಪ್ರಿಲ್ ಬರುವಷ್ಟರಲ್ಲಿ ಅಂಚೆಲ್ಲ ಕಂದು ತಿರುಗಿ ಗರಿಗರಿಯಾಗುತ್ತದೆ. ಹಾಗಂತ ಪೂರ್ತಿ ನೆರಳಿಗೆ ಹಾಕಿದರೆ ಬಣ್ಣ ಮಂಕು, ಹೂವೂ ಕಡಿಮೆ. ಬೆಳಗ್ಗೆಯಿಂದ ಹನ್ನೊಂದು ಗಂಟೆವರೆಗಿನ ಬಿಸಿಲು, ಆಮೇಲೆ ತೆಳು ನೆರಳು, ಇದು ಅದಕ್ಕೆ ಹೇಳಿ ಮಾಡಿಸಿದ್ದು. ಕೆಂಪು ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ನೀರು ನಿಲ್ಲದ ಹಾಗೆ ಪಾತಿ ಮಾಡಿದರೆ ಸಾಕು. ಯೂರಿಯಾ ಮಾತ್ರ ಬೇಡ. ನಿಧಾನವಾಗಿ ಬೆಳೆಯುವ ಗಿಡವನ್ನು ಅವಸರ ಮಾಡಿ ಬೆಳೆಸಿದರೆ ಮೆತ್ತನೆಯ ಚಿಗುರಿಗೆ ರಸ ಹೀರುವ ಹಿಟ್ಟುತಿಗಣೆ ಬರುವುದೇ ಜಾಸ್ತಿ.

ನಾನು ಹೇಳಬೇಕೆಂದಿರುವುದು ಒಂದು ಆಷಾಢದ ಕಥೆ. ಜಿಟಿಜಿಟಿ ಮಳೆ ಹಿಡಿದಿತ್ತು. ಗಿಡ ನನ್ನ ಎದೆಮಟ್ಟಕ್ಕೆ ಬಂದಿತ್ತು. ತಿಂಗಳಿಗೊಮ್ಮೆ ಬರುವ ಮಾಲಿ ಗೇಟಿನ ಹತ್ತಿರವೇ ನಿಂತು, “ನೋಡಿ, ಗಿಡ ಹಸಿರಿಗೆ ತಿರುಗ್ತಾ ಇದೆ” ಅಂದರು. ನಿಜ. ಬುಡದಿಂದ ಸ್ವಲ್ಪ ಮೇಲೆ ಒಂದು ಕೊಂಬೆ ಎದ್ದಿತ್ತು. ಅದರ ಎಲೆಗಳಲ್ಲಿ ಬಿಳಿಯ ಸುಳಿವೇ ಇಲ್ಲ. ಮಿಕ್ಕ ಎಲೆಗಳಿಗಿಂತ ಅಗಲ, ದಪ್ಪ, ಮಿರಮಿರ ಮಿಂಚುವ ಹಸಿರು. ಒಂದೇ ಮಳೆಗಾಲದಲ್ಲಿ ಉಳಿದೆಲ್ಲ ಕೊಂಬೆಗಳನ್ನು ಹಿಂದೆ ಹಾಕಿ ಮೇಲೆ ಹೋಗಿತ್ತು. ತುದಿಯಲ್ಲಿ ಗೊಂಚಲು ಮೊಗ್ಗು ಬೇರೆ.

ಅಂಚು ಬಣ್ಣದ ಗಿಡ ಬೆಳೆಸುವವರೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಇಂಥ ಗಿಡ ಒಳಗೊಳಗೆ ಎರಡು ಗಿಡ. ಚಿಗುರಿನ ತುದಿಯಲ್ಲಿ ಕೋಶಗಳು ಪದರ ಪದರವಾಗಿ ಇರುತ್ತವೆ. ಒಂದು ಪದರದ ಕೋಶಗಳಿಗೆ ಹಸಿರು ಮಾಡಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಎರಡೂ ಜೊತೆಯಾಗಿ ಬೆಳೆದಾಗ ನಡುವೆ ಹಸಿರು, ಸುತ್ತ ಬಿಳಿ. ಯಾವುದೋ ಒಂದು ಮೊಗ್ಗಿನಲ್ಲಿ ಹಸಿರು ಕೋಶಗಳಷ್ಟೇ ಉಳಿದುಕೊಂಡರೆ ಅಲ್ಲಿಂದ ಬರುವ ಕೊಂಬೆ ಪೂರ್ತಿ ಹಸಿರು. ಅದಕ್ಕೆ ಅಡುಗೆ ಮಾಡುವ ಶಕ್ತಿ ಜಾಸ್ತಿ. ಹಾಗಾಗಿ ಬೇಗ ಬೆಳೆದು ಪಕ್ಕದ ಕೊಂಬೆಗಳ ಬೆಳಕನ್ನೂ ಕಿತ್ತುಕೊಳ್ಳುತ್ತದೆ. ಹಾಗೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಅಂಚಿನ ಗಿಡ ಹೋಗಿ ಮಾಮೂಲಿ ನಂದಿಬಟ್ಟಲು ಉಳಿಯುತ್ತದೆ. ಕೆಲವೊಮ್ಮೆ ಉಲ್ಟಾ ಆಗುವುದೂ ಉಂಟು. ಅಚ್ಚ ಬಿಳಿ ಚಿಗುರು ಬರುತ್ತದೆ. ನೋಡಲು ಬಲು ಚೆಂದ. ಆದರೆ ತನ್ನ ಊಟ ತಾನು ಮಾಡಿಕೊಳ್ಳಲಾರದು, ಗಿಡದ ಮೇಲೇ ಭಾರ.

ಹಸಿರು ಕೊಂಬೆಯನ್ನು ಕತ್ತರಿಸಲೇಬೇಕಿತ್ತು. ಅದೂ ತುದಿಯಲ್ಲಲ್ಲ, ಅದು ಹುಟ್ಟಿದ ಜಾಗಕ್ಕೇ ಹೋಗಿ. “ಮೊಗ್ಗಿದೆ ಕಣೋ, ಹೂ ಮುಗಿಯಲಿ” ಅಂದರು ಅಮ್ಮ. ಕಾಯುವುದು ಬೇಡ ಅನ್ನಿಸಿತು. ಮಾರನೇ ದಿನ ಬೆಳಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಕತ್ತರಿ ಹಿಡಿದು ಹೊರಗೆ ಬಂದೆ.

ಮೊದಲು ಕಂಡಿದ್ದು ನೆಲದ ಮೇಲಿನ ಹಿಕ್ಕೆ. ಕಾಳುಮೆಣಸಿಗಿಂತ ದಪ್ಪ, ಕಪ್ಪು ಹಸಿರು, ಒದ್ದೆ ಕಲ್ಲಿನ ಮೇಲೆ ಹರಡಿಕೊಂಡಿತ್ತು. ತಲೆ ಎತ್ತಿ ನೋಡಿದರೆ ಹಸಿರು ಕೊಂಬೆಯ ಎಲೆಗಳು ನಡುನರದವರೆಗೆ ಖಾಲಿ. ತಿಂದವರು ಯಾರು ಅಂತ ಎಷ್ಟು ಹುಡುಕಿದರೂ ಕಾಣಿಸಲಿಲ್ಲ. ಕೈಯಿಂದ ಕೊಂಬೆ ಬಗ್ಗಿಸಿದೆ. ನನ್ನ ಬೆರಳಿನ ಪಕ್ಕದಲ್ಲೇ ಒಂದು ‘ಎಲೆ’ ತಲೆ ಒಳಗೆಳೆದುಕೊಂಡು ಉಬ್ಬಿತು. ಉಬ್ಬಿದ ಜಾಗದಲ್ಲಿ ಎರಡು ದೊಡ್ಡ ಕಣ್ಣು! ನೀಲಿ ಮಿಶ್ರಿತ ಬಿಳಿ, ಸುತ್ತ ಕಪ್ಪು ಉಂಗುರ. ನನ್ನ ಕೈ ತಾನಾಗೇ ಹಿಂದೆ ಬಂತು. ಅವು ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಮಚ್ಚೆ. ನಿಜವಾದ ತಲೆ ಅದರ ಮುಂದೆ, ಕೆಳಗೆ ಮಡಚಿಕೊಂಡಿತ್ತು. ಹುಳ ನನ್ನ ಮಧ್ಯದ ಬೆರಳಿಗಿಂತ ದಪ್ಪ. ಪಕ್ಕೆಯ ಉದ್ದಕ್ಕೂ ಬಿಳಿ ಗೆರೆ, ಗೆರೆಯ ಅಕ್ಕಪಕ್ಕ ಸಣ್ಣ ಬಿಳಿ ಚುಕ್ಕಿ. ಹಿಂದೆ ಹಳದಿ ಬಣ್ಣದ ಗಿಡ್ಡ ಕೊಂಬು. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಮಚ್ಚೆ ಮುಚ್ಚಿಕೊಂಡಿತು, ತಲೆ ಹೊರಗೆ ಬಂತು, ಎಲೆಯ ಅಂಚಿನಿಂದ ತಿನ್ನಲು ಶುರು ಮಾಡಿತು. ಮೇಲಿಂದ ಕೆಳಕ್ಕೆ ಒಂದು ಸಾಲು ತಿಂದು ಮತ್ತೆ ಮೇಲಕ್ಕೆ. ಕಿವಿ ಹತ್ತಿರ ಹಿಡಿದರೆ ಕರಕರ ಸದ್ದು ಕೇಳುತ್ತಿತ್ತು. ಕಿತ್ತ ಜಾಗದಲ್ಲಿ ಎಲೆಯ ಹಾಲು ಒಸರುತ್ತಿತ್ತು, ಅದಕ್ಕೆ ಅದರ ಪರಿವೆಯೇ ಇಲ್ಲ.

ಇದು ಡ್ಯಾಫ್ನಿಸ್ ನೀರಿಯೈ ಅನ್ನುವ ಪತಂಗದ ಮರಿ. ಕಣಗಿಲೆ ಇದರ ಇಷ್ಟದ ಗಿಡ. ಕಣಗಿಲೆ ಎಷ್ಟು ವಿಷ ಅಂತ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು, ದನ ಕೂಡ ಮೂಸಿ ಬಿಡುತ್ತದೆ. ಈ ಹುಳ ಅದನ್ನೇ ತಿಂದು ಕೊಬ್ಬುತ್ತದೆ. ಕಣಗಿಲೆ ಸಿಗದಿದ್ದರೆ ನಂದಿಬಟ್ಟಲು, ನಿತ್ಯಪುಷ್ಪ. ಮೂರೂ ಒಂದೇ ಕುಟುಂಬ. ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ನಂದಿಬಟ್ಟಲಿಗೆ ಮೊದಲ ಸಲ ವೈಜ್ಞಾನಿಕ ಹೆಸರು ಕೊಟ್ಟಾಗ ಅದನ್ನು ಕಣಗಿಲೆಯ ಜಾತಿಗೇ, ನೀರಿಯಮ್‌ಗೇ ಸೇರಿಸಿದ್ದ. 1758ರಲ್ಲಿ ಈ ಪತಂಗಕ್ಕೆ ಹೆಸರಿಟ್ಟವನೂ ಅವನೇ, ಅದೂ ಕಣಗಿಲೆಯ ಹೆಸರನ್ನೇ. ಆಮೇಲಿನವರು ನಂದಿಬಟ್ಟಲನ್ನು ಬೇರೆ ಜಾತಿಗೆ ಒಯ್ದರು, ಸರಿಯಾಗಿಯೇ ಒಯ್ದರು. ಆದರೆ ಎರಡೂ ನೆಂಟರು ಅನ್ನುವುದು ಈ ಹುಳಕ್ಕೆ ಲಿನೇಯಸ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು.

ಈಗ ಕತ್ತರಿ ಏನು ಮಾಡಬೇಕು? ಕೊಂಬೆ ಕತ್ತರಿಸಿದರೆ ಹುಳಕ್ಕೆ ಊಟ ಇಲ್ಲ. ಅಂಚಿನ ಎಲೆಗಳ ಮೇಲೆ ಬಿಟ್ಟರೆ ಗಿಡ ಬೋಳು. ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ನೋಡಿ, “ಔಷಧಿ ಹೊಡೆದುಬಿಡಿ, ಎರಡೇ ದಿನದಲ್ಲಿ ಗಿಡ ಮುಗಿಸುತ್ತೆ” ಅಂದರು. ಔಷಧಿ ಹೊಡೆಯಲು ನನಗೆ ಮನಸ್ಸಿಲ್ಲ. ಎದೆಮಟ್ಟದ ಗಿಡಕ್ಕೆ ಒಂದು ಹುಳದಿಂದ ಸಾವು ಬರುವುದಿಲ್ಲ. ತಿಂದ ಎಲೆ ಮಳೆಗಾಲದಲ್ಲಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ. ಔಷಧಿ ಬಿದ್ದರೆ ಆ ಹುಳದ ಜೊತೆ ಗುಲಗಂಜಿ ಹುಳ, ಜೇನು, ಜೇಡ ಎಲ್ಲ ಹೋಗುತ್ತವೆ. ಇವರಲ್ಲಿ ಹಿಟ್ಟುತಿಗಣೆ ತಿನ್ನುವವರೂ ಇದ್ದಾರೆ. ಕತ್ತರಿಯನ್ನು ಒಳಗಿಟ್ಟೆ.

ಪಕ್ಕದ ಮನೆಯ ಹುಡುಗನಿಗೆ ಹೇಗೋ ಸುದ್ದಿ ಮುಟ್ಟಿತು. ಶಾಲೆ ಮುಗಿದ ಕೂಡಲೇ ಬಂದು ಕೊಂಬೆಯ ಮುಂದೆ ಕೂರುತ್ತಿದ್ದ. ಮುಟ್ಟಬಾರದು ಅಂತ ಹೇಳಿದ್ದೆ. ಅವನು ಊದುತ್ತಿದ್ದ. ಊದಿದಾಗೆಲ್ಲ ಕಣ್ಣಿನ ಮಚ್ಚೆ ತೆರೆಯುತ್ತಿತ್ತು, ಅವನು ಕಿಲಕಿಲ ನಗುತ್ತಿದ್ದ. ಅಮ್ಮನಿಗೂ ಮೆಲ್ಲಗೆ ಇಷ್ಟ ಹತ್ತಿತು. “ಮೊಗ್ಗು ಬಿಟ್ಟು ಎಲೆ ಮಾತ್ರ ತಿಂತಿದೆ ನೋಡು, ದೇವರ ಹೂ ಅಂತ ಗೊತ್ತಿರಬೇಕು” ಅನ್ನುತ್ತಿದ್ದರು. ಮೊಗ್ಗುಗಳು ಉಳಿದು ಅರಳಿದವು ಕೂಡ. ಐದೂ ಎಸಳು ಒಂದೇ ಕಡೆಗೆ ತಿರುಚಿಕೊಂಡ ಬಿಳಿ ಹೂಗಳು, ಬೋಳು ಕೊಂಬೆಯ ತುದಿಯಲ್ಲಿ. ಅಮ್ಮ ದಿನಾ ಅಷ್ಟನ್ನೂ ಬಿಡಿಸಿ ದೇವರಿಗೆ ಇಟ್ಟರು.

ಒಂದು ಸಂಜೆ ಹುಳದ ಬಣ್ಣ ಬದಲಾಗಿತ್ತು. ಬೆನ್ನಿನ ಹಸಿರು ಹೋಗಿ ಮಣ್ಣಿನ ಕಂದು. ತಿನ್ನುವುದೂ ನಿಂತಿತ್ತು. ಕೊಂಬೆಯಿಂದ ಕಾಂಡಕ್ಕೆ, ಕಾಂಡದಿಂದ ನೆಲಕ್ಕೆ ಇಳಿಯಿತು. ಅಂಗಳದಲ್ಲಿ ಗಡಿಬಿಡಿಯಲ್ಲಿ ಅತ್ತಿತ್ತ ಓಡಾಡಿ ಕೊನೆಗೆ ಕುಂಡಗಳ ಹಿಂದಿನ ತರಗೆಲೆಯ ರಾಶಿಯೊಳಗೆ ನುಗ್ಗಿತು. ಅಲ್ಲೇ ಎಲೆಗಳನ್ನು ಸಡಿಲವಾಗಿ ನೂಲಿನಿಂದ ಕಟ್ಟಿಕೊಂಡು ಕೋಶವಾಯಿತು. ಅಮ್ಮ ಆ ಮೂಲೆಗೆ ಪೊರಕೆ ತಾಗಿಸುವುದನ್ನು ಬಿಟ್ಟರು. ಮಾಲಿಗೂ ತಾಕೀತು ಆಯಿತು. ತರಗೆಲೆ ಗುಡಿಸಿ ಸುಡುವ ಮನೆಯಲ್ಲಿ ಇಂಥ ಪತಂಗ ಬದುಕುವುದಾದರೂ ಎಲ್ಲಿ ಅಂತ ನನಗೆ ಈಗ ಪ್ರತಿ ಸಲ ಹೊಗೆ ಕಂಡಾಗ ಅನ್ನಿಸುತ್ತದೆ.

ಹುಳ ಇಳಿದ ಮರುದಿನವೇ ಕತ್ತರಿ ತೆಗೆದೆ. ಕೊಂಬೆ ಬೋಳಾಯಿತಲ್ಲ, ಇನ್ನೇಕೆ ಕತ್ತರಿಸುವುದು ಅಂತ ಅಮ್ಮ ಕೇಳಿದರು. ಎಲೆ ಹೋದರೆ ಸಾಲದು. ಗಿಣ್ಣು ಗಿಣ್ಣಿನಲ್ಲೂ ಕಾಯುತ್ತಿರುವ ಮೊಗ್ಗುಗಳೆಲ್ಲ ಹಸಿರೇ. ಕೊಂಬೆಯನ್ನು ಹಿಡಿದು ಕೆಳಗೆ ಹೋಗುತ್ತಾ ಅಂಚಿನ ಎಲೆ ಎಲ್ಲಿ ಸಿಗುತ್ತದೋ ಆ ಕವಲಿನವರೆಗೆ ಬಂದು, ಅಲ್ಲಿ ಒಂದಿಷ್ಟೂ ಮೊಟಕು ಬಿಡದೆ ಕತ್ತರಿಸಿದೆ. ಬಿಳಿ ಹಾಲು ದಪ್ಪ ಹನಿಯಾಗಿ ಇಳಿಯಿತು. ಈ ಹಾಲು ಕಣ್ಣಿಗೆ ತಾಗಬಾರದು, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಗಾಯದ ಮೇಲೆ ತಣ್ಣೀರು ಹಾಕಿದೆ, ಹಾಲು ಕಟ್ಟಿತು. ಬೆಳಕು ಸಿಕ್ಕಿದ್ದೇ ತಡ, ಅಲ್ಲಿಯವರೆಗೆ ಅಡಿಯಲ್ಲಿ ಮಂಕಾಗಿದ್ದ ಕೊಂಬೆಗಳಲ್ಲಿ ಅಂಚಿನ ಚಿಗುರು ಬಂತು. ಹೊಸ ಚಿಗುರಿನಲ್ಲಿ ಅಂಚು ತಿಳಿ ಹಳದಿ, ಎಲೆ ಬಲಿತಂತೆ ಕೆನೆ, ಆಮೇಲೆ ಬಿಳಿ.

ಪತಂಗವೂ ಸಿಕ್ಕಿತು. ಶ್ರಾವಣ ಹಿಡಿದಿತ್ತು. ಹಾಲು ತರಲು ಬಾಗಿಲು ತೆರೆದರೆ ಕುಂಡಗಳ ಮೇಲಿನ ಗೋಡೆಯಲ್ಲಿ ಅಂಗೈ ಅಗಲದ ರೆಕ್ಕೆ ಚಾಚಿ ಕೂತಿತ್ತು. ಪಾಚಿ ಹಸಿರು, ತಿಳಿ ಹಸಿರು, ನಡುನಡುವೆ ಗುಲಾಬಿ, ಬಿಳಿ ಪಟ್ಟೆ. ಸೈನಿಕರ ಸಮವಸ್ತ್ರವೇ ಸರಿ. ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದೆವು. ಸಂಜೆವರೆಗೂ ಅಲ್ಲೇ ಇತ್ತು. ಕತ್ತಲಾಗುತ್ತಿದ್ದಂತೆ ರೆಕ್ಕೆ ಅದುರಿಸಿ ಅದುರಿಸಿ ಬೆಚ್ಚಗೆ ಮಾಡಿಕೊಂಡು ಹಾರಿತು.

ಬಿಳಿ ಅಂಚಿನ ಗಿಡ ಬೇಕು ಅನ್ನುವವರಿಗೆ ಬೀಜದ ಆಸೆ ಬೇಡ, ಬೀಜದ ಸಸಿಗೆ ಈ ಅಂಚು ಬರುವ ನಂಬಿಕೆ ಇಲ್ಲ. ಕಡ್ಡಿಯೇ ಗತಿ. ಪೆನ್ಸಿಲ್ ದಪ್ಪದ, ಎರಡೂ ಬಣ್ಣ ಚೆನ್ನಾಗಿರುವ ಕೊಂಬೆ ಆರಿಸಿ, ಹಾಲು ತೊಳೆದು, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಮಳೆಗಾಲದಲ್ಲಿ ನೆಟ್ಟರೆ ಬೇರು ಬರುತ್ತದೆ. ಅಂಚಿನ ಕಡ್ಡಿ ಹಸಿರಿನದಕ್ಕಿಂತ ನಿಧಾನ, ಅಲುಗಾಡಿಸಿ ನೋಡುತ್ತಿರಬಾರದು. ನಾನು ಕತ್ತರಿಸಿ ಎಸೆದಿದ್ದ ಹಸಿರು ಕೊಂಬೆಯನ್ನೂ ಅಮ್ಮ ಸುಮ್ಮನೆ ಬಿಟ್ಟಿರಲಿಲ್ಲ. ತುಂಡು ಮಾಡಿ ಹಿತ್ತಲಿನಲ್ಲಿ ಚುಚ್ಚಿದ್ದರು. ಅದೀಗ ಬೆಳೆದು ಗೋಡೆ ಮಟ್ಟಕ್ಕೆ ಬಂದಿದೆ, ಪೂಜೆಯ ಹೂವೆಲ್ಲ ಅದರದೇ. ಅಂಚಿನ ಗಿಡದಲ್ಲಿ ಈ ಹುಳ ಕಂಡರೆ ಎಲೆ ಸಮೇತ ಕಿತ್ತು ಹಿತ್ತಲಿಗೆ ಒಯ್ದು ಅದರ ಮೇಲೆ ಬಿಡುತ್ತೇವೆ.