ಅರೆತಲೆನೋವಿನ ಮೊದಲ ವಾಕ್ಯ

ವೈದ್ಯಕೀಯ ವಿಶ್ವಕೋಶವೊಂದಕ್ಕಾಗಿ ನಾನು ಬರೆದಿದ್ದ ಅರೆತಲೆನೋವಿನ ಲೇಖನದ ಕರಡು ಸಹಬರಹಗಾರರೊಬ್ಬರ ಕೈ ದಾಟಿ 11 ಟಿಪ್ಪಣಿಗಳೊಂದಿಗೆ ಹಿಂದಿರುಗಿತು. ಮೊದಲ ಟಿಪ್ಪಣಿ ಮೊದಲ ವಾಕ್ಯದ ಮೇಲೆಯೇ ಇತ್ತು. ‘ತಲೆಯ ಒಂದು ಪಾರ್ಶ್ವದಲ್ಲಿ ಮಾತ್ರ ಕಾಣಿಸಿಕೊಳ್ಳುವ ತೀವ್ರ ನೋವಿಗೆ ಅರೆತಲೆನೋವು ಎನ್ನುತ್ತಾರೆ’ ಎಂದು ನಾನು ಬರೆದಿದ್ದೆ. ‘ಎರಡೂ ಬದಿ ನೋಯುವವರು ಇದನ್ನು ಓದಿದರೆ, ತಮಗಿರುವುದು ಈ ಕಾಯಿಲೆಯಲ್ಲ ಎಂದುಕೊಂಡು ಪುಟ ಮುಚ್ಚುವುದಿಲ್ಲವೇ?’ ಎಂದು ಅವರು ಕೇಳಿದ್ದರು.

ಓದಿದೊಡನೆ ನನಗೆ ಸಿಟ್ಟು ಬಂತು. ಹೆಸರಿನಲ್ಲೇ ‘ಅರೆ’ ಇರುವಾಗ ಇದೆಂತಹ ತಕರಾರು ಎಂದು ಉದ್ದನೆಯ ಉತ್ತರವನ್ನೂ ಬರೆದೆ. ಪುಣ್ಯಕ್ಕೆ ಅದನ್ನು ಕಳುಹಿಸಲಿಲ್ಲ. ಮರುದಿನ ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣವನ್ನು ತೆರೆದು, ಓದಿದ್ದೇನೆಂದು ನಾನು ನಂಬಿದ್ದ ಭಾಗವನ್ನೇ ಮತ್ತೆ ಓದಿದೆ. ನೋವು ಒಂದೇ ಬದಿಯಲ್ಲಿರುವುದು, ನಾಡಿಯಂತೆ ಮಿಡಿಯುವುದು, ಮಧ್ಯಮ ಅಥವಾ ತೀವ್ರ ಪ್ರಮಾಣದಲ್ಲಿರುವುದು, ಮೆಟ್ಟಿಲು ಹತ್ತುವಂತಹ ದಿನನಿತ್ಯದ ಓಡಾಟದಿಂದ ಹೆಚ್ಚುವುದು, ಈ ನಾಲ್ಕರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು. ಅವುಗಳ ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಶಬ್ದ ಎರಡನ್ನೂ ಸಹಿಸಲಾಗದ ಸ್ಥಿತಿ ಇರಬೇಕು. ಅಂದರೆ ಒಂದೇ ಬದಿಯ ನೋವು ನಾಲ್ಕರಲ್ಲೊಂದು ಲಕ್ಷಣವೇ ಹೊರತು ಕಡ್ಡಾಯವಲ್ಲ. ಮೈಗ್ರೇನ್ ಎಂಬ ಪದದ ಮೂಲವಾದ ಗ್ರೀಕ್ ಪದಕ್ಕೂ ಅರ್ಧ ತಲೆಬುರುಡೆ ಎಂಬ ಅರ್ಥವೇ ಇರುವುದರಿಂದ ಎರಡು ಭಾಷೆಗಳು ಸೇರಿ ನನ್ನನ್ನು ದಾರಿ ತಪ್ಪಿಸಿದವು ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ‘ಮಾತ್ರ’ ಎಂಬ ಪದವನ್ನು ಸೇರಿಸಿದ್ದು ಯಾವ ಭಾಷೆಯೂ ಅಲ್ಲ, ನಾನೇ.

ಇನ್ನೊಂದು ಟಿಪ್ಪಣಿ ಮೂರೇ ಪದಗಳದ್ದು: ‘ಯಾವುದರ ಎರಡು ಪಟ್ಟು?’ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಬೆಳಕಿನ ಗೆರೆಗಳು ಕಾಣಿಸಿಕೊಳ್ಳುವಂತಹ, ವೈದ್ಯರು ಔರಾ ಎಂದು ಕರೆಯುವ ಲಕ್ಷಣಗಳಿರುವವರಲ್ಲಿ ರಕ್ತ ಹೆಪ್ಪುಗಟ್ಟುವುದರಿಂದಾಗುವ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು ಎಂದು ನಾನು ಬರೆದು ಮುಂದಕ್ಕೆ ಹೋಗಿದ್ದೆ. ಲೆಕ್ಕ ತಪ್ಪಲ್ಲ. ಆದರೆ 10,000 ಜನರಲ್ಲಿ ಒಬ್ಬರಿದ್ದದ್ದು ಇಬ್ಬರಾದರೂ ಎರಡು ಪಟ್ಟೇ, 100 ಜನರಲ್ಲಿ 10 ಮಂದಿ ಇದ್ದದ್ದು 20 ಆದರೂ ಎರಡು ಪಟ್ಟೇ. ಇವೆರಡರಲ್ಲಿ ಯಾವುದು ತನ್ನ ಕಥೆ ಎಂದು ತಿಳಿಯದ ಓದುಗನ ಕೈಯಲ್ಲಿ ನಾನು ಇಟ್ಟದ್ದು ಮಾಹಿತಿಯಲ್ಲ, ಬರೀ ಭಯ. ಎಳೆಯ ವಯಸ್ಸಿನವರಲ್ಲಿ ಮೂಲ ಅಪಾಯವೇ ಬಹಳ ಕಡಿಮೆ ಎಂಬುದನ್ನೂ, ಧೂಮಪಾನ ಮತ್ತು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ ಎಂಬುದನ್ನೂ ಸೇರಿಸಿದ ಮೇಲೆ, ವೈದ್ಯರ ಮುಂದೆ ಏನನ್ನು ಪ್ರಸ್ತಾಪಿಸಬೇಕೆಂಬುದು ಓದುವವರಿಗೆ ಗೊತ್ತಾಗುವಂತಾಯಿತು.

ರಕ್ತನಾಳಗಳು ಹಿಗ್ಗುವುದೇ ನೋವಿಗೆ ಕಾರಣ ಎಂಬ ಹಳೆಯ ವಿವರಣೆಯನ್ನು ಹಳೆಯ ಪಠ್ಯಪುಸ್ತಕದಿಂದ ಎತ್ತಿಕೊಂಡಿದ್ದಕ್ಕೂ ಒಂದು ಟಿಪ್ಪಣಿ ಬಿದ್ದಿತ್ತು. ಅದನ್ನು ತಿದ್ದಲು ಐದು ನಿಮಿಷ ಸಾಕಾಯಿತು.

ಎಲ್ಲವನ್ನೂ ಒಪ್ಪಿಕೊಂಡೆ ಎಂದೇನೂ ಅಲ್ಲ. ನೋವುನಿವಾರಕಗಳ ಪ್ರಮಾಣವನ್ನು ಕೋಷ್ಟಕದಲ್ಲಿ ಕೊಡಬೇಕೆಂಬ ಸಲಹೆಯನ್ನು ನಾನು ನಿರಾಕರಿಸಿದೆ. ವಯಸ್ಸು, ಮೂತ್ರಪಿಂಡದ ಸ್ಥಿತಿ, ಗರ್ಭಾವಸ್ಥೆ, ಸೇವಿಸುತ್ತಿರುವ ಇತರ ಔಷಧಗಳು ಯಾವುವೂ ಗೊತ್ತಿಲ್ಲದ ಓದುಗನಿಗೆ ಮಿಲಿಗ್ರಾಂಗಳನ್ನು ಹೇಳುವುದು ವಿಶ್ವಕೋಶದ ಕೆಲಸವಲ್ಲ. ಆದರೆ ಆ ಸಲಹೆಯ ಹಿಂದೆ ನಿಜವಾದ ಕೊರತೆಯೊಂದಿತ್ತು: ಮಾತ್ರೆಗಳೇ ತಲೆನೋವು ತರಬಲ್ಲವು ಎಂಬ ಮಾತು ನನ್ನ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ. ಮೊದಲೇ ತಲೆನೋವಿನ ಕಾಯಿಲೆ ಇರುವವರು ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಅರೆತಲೆನೋವಿಗೆಂದೇ ಕೊಡುವ ಟ್ರಿಪ್ಟಾನ್ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಔಷಧದ ಅತಿಬಳಕೆಯ ತಲೆನೋವು ಬೆಳೆಯಬಹುದು. ಕೋಷ್ಟಕ ಕೇಳಿದ ಜಾಗದಲ್ಲಿ ಈ ವಾಕ್ಯ ಕುಳಿತಿತು. ಟಿಪ್ಪಣಿ ಸೂಚಿಸುವ ಪರಿಹಾರ ತಪ್ಪಾಗಿದ್ದರೂ ಅದು ಬೆರಳಿಟ್ಟ ಜಾಗ ಸರಿಯಾಗಿರುವುದು ನನ್ನ ಅನುಭವದಲ್ಲಿ ಆಗಾಗ ಆಗಿದೆ.

ಇಷ್ಟು ಹೇಳಿದ ಮೇಲೆ ನಾನು ಕೊಟ್ಟ ಟಿಪ್ಪಣಿಗಳ ಸಂಗತಿಯನ್ನೂ ಹೇಳಲೇಬೇಕು. ಅದೇ ದಿನಗಳಲ್ಲಿ ಇನ್ನೊಬ್ಬರು ಬರೆದಿದ್ದ ಜಠರದ ಹುಣ್ಣಿನ ಕರಡು ನನ್ನ ಪಾಲಿಗೆ ಬಂದಿತ್ತು. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು, ಯಾರೂ ನಂಬದಿದ್ದಾಗ ಮಾರ್ಷಲ್ ಅದನ್ನು ತಾವೇ ಕುಡಿದದ್ದು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದದ್ದು, ಎಲ್ಲವೂ ಸೊಗಸಾಗಿ ಮೂಡಿದ್ದವು. ನಾನು 37 ಟಿಪ್ಪಣಿ ಬರೆದೆ. ಒತ್ತಕ್ಷರ, ಅಲ್ಪವಿರಾಮ, ‘ಹಾಗೂ’ ಎರಡು ಸಲ ಬಂದಿದೆ, ಈ ವಾಕ್ಯ ಉದ್ದವಾಯಿತು, ಇತ್ಯಾದಿ. ಕೊನೆಯಲ್ಲಿ ‘ಒಟ್ಟಾರೆ ಉತ್ತಮ ಲೇಖನ’ ಎಂದು ಷರಾ ಹಾಕಿ, ಬಹಳ ಶ್ರದ್ಧೆಯಿಂದ ಓದಿದೆನೆಂಬ ತೃಪ್ತಿಯಲ್ಲಿ ಹಿಂದಿರುಗಿಸಿದೆ.

ನನ್ನ ನಂತರ ಓದಿದವರು ಎರಡೇ ಟಿಪ್ಪಣಿ ಬರೆದರು. ಹುಣ್ಣಿನ ಎರಡು ಮುಖ್ಯ ಕಾರಣಗಳಲ್ಲಿ ಒಂದಾದ ಐಬುಪ್ರೊಫೆನ್, ಆಸ್ಪಿರಿನ್‌ನಂತಹ ನೋವುನಿವಾರಕಗಳ ಹೆಸರೇ ಇಲ್ಲ ಎಂಬುದು ಒಂದು. ಟಾರಿನಂತಹ ಕಪ್ಪು ಮಲ ಅಥವಾ ರಕ್ತವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬ ಮಾತು ಇತಿಹಾಸದ ಭಾಗವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರುತ್ತದೆ ಎಂಬುದು ಇನ್ನೊಂದು. ಆ ಎರಡು ಜಾಗಗಳನ್ನೂ ನಾನು ದಾಟಿಹೋಗಿದ್ದೆ. ಎಚ್ಚರಿಕೆಯ ವಾಕ್ಯದಲ್ಲಿ ಒಂದು ಕಾಗುಣಿತವನ್ನು ತಿದ್ದಿಯೂ ಇದ್ದೆ. ನನ್ನ ಲೇಖನ ಓದಿ ತಲೆನೋವಿಗೆ ಐಬುಪ್ರೊಫೆನ್ ನುಂಗುವ ವ್ಯಕ್ತಿಯೇ ಮುಂದೊಂದು ದಿನ ಹೊಟ್ಟೆನೋವೆಂದು ಆ ಲೇಖನಕ್ಕೂ ಬರಬಹುದೆಂಬ ಯೋಚನೆ ನನಗೆ ಹೊಳೆದದ್ದು ಆಮೇಲೆ.

ಹಾಗಾಗಿ ಈಗ ನಾನು ಕರಡನ್ನು ಮೊದಲ ಸಲ ಓದುವಾಗ ಏನನ್ನೂ ತಿದ್ದುವುದಿಲ್ಲ. ಈ ಕಾಯಿಲೆ ಇರುವವರು ಓದಿ ಮುಗಿಸಿದೊಡನೆ ಏನು ಮಾಡುತ್ತಾರೆ ಎಂಬುದೊಂದನ್ನೇ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ‘ಆಗುತ್ತದೆ’ ಎಂದಿರುವ ಕಡೆಯಲ್ಲೆಲ್ಲ ಆಧಾರ ತೆರೆದು, ಅಲ್ಲಿರುವುದು ‘ಆಗಬಹುದು’ ಅಲ್ಲವೇ ಎಂದು ನೋಡುತ್ತೇನೆ. ಕಾಗುಣಿತದ ಸರದಿ ಬರುವುದು ಎರಡನೆಯ ಓದಿನಲ್ಲಿ; ಅದನ್ನು ಟಿಪ್ಪಣಿ ಹಾಕದೆ ನಾನೇ ತಿದ್ದಿಬಿಡುತ್ತೇನೆ. ಮೆಚ್ಚುಗೆಯನ್ನೂ ಇಂಥ ವಾಕ್ಯಕ್ಕೆ ಎಂದು ಹೇಳುತ್ತೇನೆ, ಇಲ್ಲವಾದರೆ ಬರೆದವರು ಮುಂದಿನ ತಿದ್ದುಪಡಿಯಲ್ಲಿ ಅದೇ ಒಳ್ಳೆಯ ವಾಕ್ಯವನ್ನು ಅಳಿಸಿಬಿಡುತ್ತಾರೆ.

ನನ್ನ ಮೊದಲ ವಾಕ್ಯ ಈಗ ನಾಲ್ಕನೆಯ ರೂಪದಲ್ಲಿದೆ: ‘ಅರೆತಲೆನೋವು ಮರುಕಳಿಸುವ ತಲೆನೋವಿನ ಕಾಯಿಲೆ, ನೋವು ಸಾಮಾನ್ಯವಾಗಿ ತಲೆಯ ಒಂದು ಬದಿಯಲ್ಲಿರುತ್ತದೆ, ಆದರೆ ಎರಡೂ ಬದಿಯಲ್ಲಿ ಇರಬಹುದು.’ ನಿನ್ನೆ ಸಂಜೆ ಅದು ಮತ್ತೆ ಹಿಂದಿರುಗಿದೆ. ‘ಸಾಮಾನ್ಯವಾಗಿ’ ಎಂಬ ಪದದ ಕೆಳಗೆ ಗೆರೆ ಎಳೆದು, ‘ಮಕ್ಕಳಲ್ಲೂ ಹಾಗೆಯೇ?’ ಎಂದು ಕೇಳಿದ್ದಾರೆ. ಮಕ್ಕಳಲ್ಲಿ ಎರಡೂ ಬದಿಯ ನೋವೇ ಹೆಚ್ಚು.