ಊರು ಸುತ್ತೋ ಡಿಸ್ಕು, ಮನೇಲಿ ಕೂರೋ ಡಿಸ್ಕು

ಹಾಸನದ ಕಡೆ ಒಂದು ಸ್ಟುಡಿಯೋದಲ್ಲಿ ಎಡಿಟರ್ ನಾನು, ಹನ್ನೊಂದು ವರ್ಷ ಆಯ್ತು. ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ ಏನೇ ಇರ್ಲಿ, ಹುಡುಗ್ರು ಶೂಟ್ ಮುಗಿಸಿ ಕಾರ್ಡ್ ತಂದು ನನ್ನ ಟೇಬಲ್ ಮೇಲೆ ಇಟ್ರು ಅಂದ್ರೆ ಅಲ್ಲಿಂದ ಆಲ್ಬಮ್ ಪ್ರಿಂಟ್ ಆಗಿ ಬರೋ ತನಕ ಆ ಡೇಟಾ ನನ್ನ ತಲೆನೋವು. ಜನ ಯಾವಾಗ್ಲೂ ಕ್ಯಾಮೆರಾ ಯಾವ್ದು ಲೆನ್ಸ್ ಯಾವ್ದು ಅಂತ ಕೇಳ್ತಾರೆ. ಅಂಗೈಯಷ್ಟಗಲದ ಹಾರ್ಡ್ ಡಿಸ್ಕ್ ಬಗ್ಗೆ ಯಾರೂ ಕೇಳಲ್ಲ, ಆದ್ರೆ ನಮ್ಮ ಹೊಟ್ಟೆಪಾಡು ನಿಂತಿರೋದು ಅದರ ಮೇಲೇನೇ.

ಲೆಕ್ಕ ಹಾಕಿ ನೋಡಿ. 4ಕೆ ವಿಡಿಯೋ 100 ಎಂಬಿಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ, ಇಟ್ರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಡ್ರೋನ್, ಮೇಲೆ ಕ್ಯಾಂಡಿಡ್ (ಪೋಸ್ ಕೊಡಿಸದೇ ತೆಗೆಯೋ ಫೋಟೋ) ಹುಡುಗ ಹೊಡೆದಿರೋ ಎರಡು ಮೂರು ಸಾವಿರ ರಾ ಫೋಟೋ, ಅಂದ್ರೆ ಕ್ಯಾಮೆರಾ ತಿದ್ದದೇ ಇಡೋ ಮೂಲ ಫೈಲು, ಒಂದೊಂದೂ 25-30 ಎಂಬಿ. ಸಾಧಾರಣ ಮದುವೆಗೂ 300 ಜಿಬಿ ಆರಾಮಾಗಿ ಆಗ್ಬಿಡುತ್ತೆ. ಇದನ್ನ ಬೆಂಗಳೂರಿನ ಆಲ್ಬಮ್ ಡಿಸೈನರ್‌ಗೆ ನೆಟ್‌ನಲ್ಲಿ ಕಳಿಸ್ತೀನಿ ಅಂತ ಕೂತ್ರೆ, 40 ಎಂಬಿಪಿಎಸ್ ಅಪ್ಲೋಡ್ ಕರೆಕ್ಟಾಗಿ ಬಂದ್ರೂ ಹದಿನಾರು ಗಂಟೆ ಮೇಲೆ ಬೇಕು, ನಮ್ಮೂರಲ್ಲಿ ಅಷ್ಟು ಹೊತ್ತು ಕರೆಂಟೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಡಿಸ್ಕ್‌ಗಾದ್ರೆ ಮುಕ್ಕಾಲು ಗಂಟೆ ಒಂದು ಗಂಟೇಲಿ ಕಾಪಿ ಆಗುತ್ತೆ, ಸಂಜೆ ಬಸ್ಸಿಗೆ ಹಾಕಿದ್ರೆ ರಾತ್ರಿ ಅವ್ರ ಕೈಲಿ.

ಹಂಗಾಗಿ ನಮ್ಮ ಹತ್ರ 2 ಟಿಬಿದು ಒಂದು ಡಿಸ್ಕ್ ಇತ್ತು, ಎಲ್ಲದಕ್ಕೂ ಅದೇ. ಛತ್ರದಲ್ಲಿ ಕಾರ್ಡ್ ಖಾಲಿ ಮಾಡೋಕೆ ಅದು, ಎಡಿಟಿಂಗ್‌ಗೆ ಅದು, ಪಾರ್ಟಿ ಮನೆಗೆ ಹೋಗಿ ಟಿವಿಲಿ ವಿಡಿಯೋ ತೋರ್ಸೋಕೆ ಅದು, ಡಿಸೈನರ್‌ಗೆ ಕಳ್ಸೋಕೂ ಅದು. ಒಂದೇ ಎತ್ತಿನ ಮೇಲೆ ಗಾಡಿ, ನೇಗಿಲು, ಗಾಣ ಎಲ್ಲಾ ಹೇರಿದಂಗೆ.

ಆವತ್ತು ಬೆಳಿಗ್ಗೆ ಅರಸೀಕೆರೇಲಿ ಧಾರೆ, ಸಂಜೆ ತುಮಕೂರಲ್ಲಿ ಬೇರೆ ಪಾರ್ಟಿ ರಿಸೆಪ್ಷನ್. ಸೀಸನ್ ಟೈಮು, ಕಾರ್ಡ್ ಸಾಲ್ತಿಲ್ಲ. ಊಟದ ಹಾಲ್‌ನಲ್ಲೇ ಎರಡು ಕಾರ್ಡ್ ಡಿಸ್ಕಿಗೆ ಹಾಕಿ, ಕಾರ್ಡ್ ಫಾರ್ಮ್ಯಾಟ್ ಹೊಡೆದು ಖಾಲಿ ಮಾಡಿದ್ರು. ಅದು ನಾನೇ ಕಲ್ಸಿದ್ದು, "ಕಾಪಿ ಆಯ್ತಾ? ಹಂಗಾದ್ರೆ ಫಾರ್ಮ್ಯಾಟ್ ಹೊಡಿ" ಅಂತ ಫೋನಲ್ಲೇ ಹೇಳೋನು ನಾನು. ಮೂರನೇ ಕಾರ್ಡ್ ಕಾಪಿ ಆಗೋವಾಗ ಹೊರಡೋ ಟೈಮ್ ಆಯ್ತು ಅಂತ ಹುಡುಗ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕಾರ್ ಹತ್ತಿದಾನೆ, ಡಿಸ್ಕ್ ಪಕ್ಕದ ಸೀಟ್ ಮೇಲೆ. ತಿಪಟೂರು ದಾಟಿದ್ಮೇಲೆ ಒಂದು ಹಂಪ್, ಡ್ರೈವರ್‌ಗೆ ಕಾಣ್ಲಿಲ್ಲ. ಡಿಸ್ಕ್ ಜಾರಿ ಕೆಳಗೆ ಬಿತ್ತು. ಬಿದ್ದಿದ್ದು ಒಂದೂವರೆ ಅಡಿ ಅಷ್ಟೇ, ಅದೂ ರಬ್ಬರ್ ಮ್ಯಾಟ್ ಮೇಲೆ. ಎತ್ಕೊಂಡು ಕಿವಿ ಹತ್ರ ಇಟ್ರೆ ಟಿಕ್... ಟಿಕ್... ಟಿಕ್... ಅಂತ ಗೋಡೆ ಗಡಿಯಾರದ ಥರ.

ಆ ಶಬ್ದ ಒಂದ್ಸಲ ಕೇಳಿದವ್ರಿಗೆ ಗೊತ್ತು, ಹೊಟ್ಟೇಲಿ ಏನೋ ಇಳಿದಂಗಾಗುತ್ತೆ.

ಒಳಗೆ ಇರೋದು ಒಂದು ತಟ್ಟೆ, ನಿಮಿಷಕ್ಕೆ 5400 ಸುತ್ತು ತಿರುಗ್ತಿರುತ್ತೆ, ಅದ್ರ ಮೇಲೆ ಓದೋ ಹೆಡ್ಡು ಮುಟ್ಟದೇ ತೇಲ್ತಿರುತ್ತೆ, ಮಧ್ಯ ಇರೋ ಸಂದು ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣದು. ಆಫ್ ಆದಾಗ ಹೆಡ್ಡು ಪಕ್ಕಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಅದಕ್ಕೇ ಬ್ಯಾಗಲ್ಲಿ ಆಫ್ ಇರೋ ಡಿಸ್ಕ್ ಬಿದ್ರೆ ಬಹಳ ಸಲ ಉಳ್ಕೊಳ್ಳುತ್ತೆ, ತಿರುಗ್ತಿರೋವಾಗ ಗೇಣುದ್ದ ಬಿದ್ರೂ ಹೋಗ್ಬಹುದು. ಇದು ನನಗೆ ಗೊತ್ತಿತ್ತು. ಹುಡುಗನಿಗೆ ಹೇಳಿರ್ಲಿಲ್ಲ.

ಮೂರನೇ ಕಾರ್ಡ್ ರೀಡರ್‌ನಲ್ಲೇ ಇತ್ತಲ್ಲ, ಅದು ಬಚಾವ್. ಫಾರ್ಮ್ಯಾಟ್ ಆಗಿದ್ದ ಎರಡರಲ್ಲಿ ಒಂದನ್ನ "ಮುಟ್ಟಬೇಡ, ಪರ್ಸಲ್ಲಿ ಇಟ್ಕೋ" ಅಂದೆ. ಫಾರ್ಮ್ಯಾಟ್ ಹೊಡೆದ್ರೆ ಸಾಮಾನ್ಯವಾಗಿ ಹೋಗೋದು ಫೈಲುಗಳ ಪಟ್ಟಿ ಮಾತ್ರ, ಮೇಲೆ ಹೊಸದು ಬರೆಯದೇ ಇದ್ರೆ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೀಬಹುದು, ಅದ್ರಲ್ಲಿ ಪೂರ್ತಿ ಸಿಕ್ತು. ಇನ್ನೊಂದು ಕಾರ್ಡ್ ಮುಂಚೆ ಹೊರಟಿದ್ದ ಕ್ಯಾಂಡಿಡ್ ಹುಡುಗನ ಕ್ಯಾಮೆರಾದಲ್ಲಿತ್ತು, ಅವನು ತುಮಕೂರು ಸ್ಟೇಜ್ ಡೆಕೋರೇಷನ್ನು, ಬಂದವ್ರು ಹೋದವ್ರು ಎಲ್ಲಾ ಅದರ ಮೇಲೇ ಹೊಡೆದಾಗಿತ್ತು. ಧಾರೆ, ಮಾಂಗಲ್ಯದ ಫೋಟೋ ಎಲ್ಲಾ ಅದ್ರಲ್ಲೇ ಇದ್ದಿದ್ದು.

ಡಿಸ್ಕ್ ತಗೊಂಡು ಕಂಪ್ಯೂಟರ್ ಅಂಗಡಿಗಳಿರೋ ಬೆಂಗಳೂರು ಎಸ್.ಪಿ. ರೋಡ್ ಕಡೆ ಹೋದೆ. ಧೂಳಿಲ್ಲದ ರೂಮಲ್ಲಿ ಬಿಚ್ಚಬೇಕು, ನಲವತ್ತು ಸಾವಿರದ ಮೇಲಾಗುತ್ತೆ, ತಟ್ಟೆ ಗೀಚಿದ್ರೆ ಬರೋದೂ ಗ್ಯಾರಂಟಿ ಇಲ್ಲ ಅಂದ್ರು. ನಮ್ಮ ಓನರ್ ಬೇಡ ಅಂದ್ರು. ಕೊನೆಗೆ ಬಚಾವಾಗಿದ್ದ ಟ್ರೆಡಿಷನಲ್ ವಿಡಿಯೋದಿಂದ ಧಾರೆ ಸೀನ್‌ಗಳ ಫ್ರೇಮ್ ತೆಗೆದೆ, 4ಕೆ ಅಂದ್ರೆ ಒಂದು ಫ್ರೇಮ್ ಎಂಟು ಮೆಗಾಪಿಕ್ಸೆಲ್, ಸಣ್ಣ ಸೈಜಿಗೆ ಪರ್ವಾಗಿಲ್ಲ. ಆಲ್ಬಮ್‌ನಲ್ಲಿ ಎರಡು ಪುಟ ಅಗಲಕ್ಕೆ ಬರಬೇಕಿದ್ದ ಮಾಂಗಲ್ಯದ ಫೋಟೋ ಅಂಗೈಯಷ್ಟಗಲ ಬಂತು. ಹುಡುಗಿ ಅಪ್ಪ ಆಲ್ಬಮ್ ತಿರುವಿ ಹಾಕ್ತಾ ಆ ಪುಟದಲ್ಲಿ ನಿಂತ್ರು. ಬೈಲಿಲ್ಲ. "ಇದು ಇಷ್ಟೇನಾ ಇರೋದು?" ಅಂದ್ರು. ಬೈದಿದ್ರೆ ಚೆನ್ನಾಗಿತ್ತು. ಬ್ಯಾಲೆನ್ಸ್ ದುಡ್ಡು ನಾವೇ ಬೇಡ ಅಂದ್ವಿ.

ಆಮೇಲೆ ಓನರ್ ಹತ್ರ ಜಗಳ ಆಡಿ ಮೂರು ಡಿಸ್ಕ್ ತರಿಸ್ದೆ. ಒಂದಕ್ಕೆ ಮಾರ್ಕರ್‌ನಲ್ಲಿ ಬಸವ ಅಂತ ಬರೆದಿದೀನಿ, ಊರೆಲ್ಲಾ ಸುತ್ತೋದು ಅದರ ಕೆಲಸ. ಇನ್ನೊಂದು ಅಜ್ಜಿ. ಅಜ್ಜಿ ಸ್ಟುಡಿಯೋ ಹೊಸಿಲು ದಾಟಲ್ಲ, ಯಾರು ಕೇಳಿದ್ರೂ ಕೊಡಲ್ಲ, ರಾತ್ರಿ ಕಾಪಿ ಮುಗಿದ್ಮೇಲೆ ವೈರ್ ಕಿತ್ತು ಡ್ರಾಯರ್ ಒಳಗೆ. ಮೂರನೇದು ಓನರ್ ಮನೆ ಬೀರುವಿನಲ್ಲಿ ರೇಷ್ಮೆ ಸೀರೆ ಮಧ್ಯ ಇರುತ್ತೆ, ವಾರಕ್ಕೊಂದ್ಸಲ ಬರುತ್ತೆ ಹೋಗುತ್ತೆ. ಪೀಟರ್ ಕ್ರೋಗ್ ಅಂತ ಅಮೆರಿಕದ ಫೋಟೋಗ್ರಾಫರ್ ಒಬ್ರು ಇದನ್ನೇ 3-2-1 ಅಂತ ಹೇಳ್ಕೊಟ್ಟಿದ್ದು, ಮೂರು ಕಾಪಿ, ಎರಡು ಬಗೆ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮದು ಪಕ್ಕಾ ಹಂಗಿಲ್ಲ, ಹತ್ತಿರ ಹತ್ತಿರ ಇದೆ. ಎರಡು ಕಡೆ ಕಾಪಿ ಆಗಿ, ನಾನು ಒಂದೆರಡು ಫೈಲ್ ಓಪನ್ ಮಾಡಿ ನೋಡೋ ತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಕಾರ್ಡ್ ಜಾಸ್ತಿ ತಗೊಂಡ್ರೆ ಆಯ್ತು, ನಲವತ್ತು ಸಾವಿರಕ್ಕೆ ಎಷ್ಟು ಕಾರ್ಡ್ ಬರುತ್ತೆ ನೀವೇ ಹೇಳಿ.

ಬಸವನ ಕೆಲಸಗಳಲ್ಲಿ ನಾನು ಪೆಟ್ಟು ತಿಂದು ಕಲ್ತಿದ್ದು ಸುಮಾರಿದೆ. ಪಾರ್ಟಿ ಮನೆ ಟಿವಿಗೆ ಹಾಕಿದ್ರೆ ಏನೂ ತೋರಿಸಲ್ಲ, ಬೀಗರೆಲ್ಲಾ ಕಾಫಿ ಲೋಟ ಹಿಡ್ಕೊಂಡು ಕೂತಿರ್ತಾರೆ, ಆಗ ಆಗೋ ಮುಜುಗರ ಯಾರಿಗೂ ಬೇಡ. ಡಿಸ್ಕಲ್ಲಿ ಫೈಲ್ ಜೋಡಿಸಿಡೋಕೆ ಎಕ್ಸ್‌ಫ್ಯಾಟ್, ಫ್ಯಾಟ್32, ಎನ್‌ಟಿಎಫ್‌ಎಸ್ ಅಂತ ಬೇರೆ ಬೇರೆ ಪದ್ಧತಿ ಇದೆ. ಹಳೇ ಟಿವಿ ಕೆಲವು ಎಕ್ಸ್‌ಫ್ಯಾಟ್ ಓದಲ್ಲ, ಫ್ಯಾಟ್32 ಮಾಡಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ, ಎನ್‌ಟಿಎಫ್‌ಎಸ್ ಇಟ್ರೆ ಡಿಸೈನರ್ ಮ್ಯಾಕ್ ಕಂಪ್ಯೂಟರ್‌ನಲ್ಲಿ ಓದಬಹುದು, ವಾಪಸ್ ಏನೂ ಹಾಕೋಕಾಗಲ್ಲ. ಅದಕ್ಕೆ ಬಸವ ಎಕ್ಸ್‌ಫ್ಯಾಟ್, ಟಿವಿಗೆ ಅಂತಾನೇ ಸಣ್ಣ ಪೆನ್‌ಡ್ರೈವ್‌ನಲ್ಲಿ ವಿಡಿಯೋ ತುಂಡು ಮಾಡಿ ಇಟ್ಕೊಂಡಿರ್ತೀನಿ. ಜೆರಾಕ್ಸ್ ಅಂಗಡಿ ಕಂಪ್ಯೂಟರ್‌ಗೆ ಮಾತ್ರ ಬಸವನನ್ನೂ ಚುಚ್ಚಲ್ಲ, ಒಂದ್ಸಲ ಚುಚ್ಚಿ ವೈರಸ್ ಹತ್ತಿ ಫೋಲ್ಡರೆಲ್ಲಾ ಶಾರ್ಟ್‌ಕಟ್ ಆಗಿ ವಾಪಸ್ ಬಂದಿತ್ತು. ಕಾಪಿ ಆಮೆ ಥರ ಹೋಗ್ತಿದ್ರೆ ಮೊದಲು ಕೇಬಲ್ ನೋಡಿ, ಯಾವ ಪೋರ್ಟಿಗೆ ಹಾಕಿದೀರಿ ನೋಡಿ, ಯುಎಸ್‌ಬಿ 2 ಪೋರ್ಟಲ್ಲಿ ಸೆಕೆಂಡಿಗೆ 35-40 ಎಂಬಿ ಮೇಲೆ ಹೋಗಲ್ಲ. ಇನ್ನು 1 ಟಿಬಿ ತಂದ್ರೆ 931 ಜಿಬಿ ತೋರಿಸ್ತು, ಅಂಗಡಿಯವ್ನು ಮೋಸ ಮಾಡ್ದ ಅಂತ ವರ್ಷಕ್ಕೆ ನಾಲ್ಕು ಜನ ಬರ್ತಾರೆ, ಮೋಸ ಅಲ್ಲ ಸ್ವಾಮಿ, ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತೆ, ವಿಂಡೋಸ್ 1024ರ ಲೆಕ್ಕ.

ಎಡಿಟಿಂಗ್ ಮಾತ್ರ ಈಗ ಎಸ್‌ಎಸ್‌ಡಿ ಮೇಲೆ, ಅದ್ರೊಳಗೆ ತಿರುಗೋ ತಟ್ಟೆ ಇಲ್ಲ. ತಿರುಗೋ ಡಿಸ್ಕ್ ಮೇಲೆ ಮೂರು ಕ್ಯಾಮೆರಾ 4ಕೆ ಒಟ್ಟಿಗೆ ಓಡಿಸೋದು ಅಂದ್ರೆ ಎಮ್ಮೆಗೆ ರೇಸ್ ಕಲ್ಸಿದಂಗೆ.

ಮನೇಲೂ ಒಂದು ಅಜ್ಜಿ ಇಟ್ಟಿದೀನಿ, ಹಳೇ 1 ಟಿಬಿದು. ಅಮ್ಮನ ಫೋನ್ ತುಂಬಿ ಹೋಗೋದು ಗುಡ್ ಮಾರ್ನಿಂಗ್ ಹೂವುಗಳಿಂದಾನೇ, ಆದ್ರೆ ಅದ್ರ ಮಧ್ಯ ಮೊಮ್ಮಕ್ಕಳ ಫೋಟೋನೂ ಇರುತ್ತಲ್ಲ, ತಿಂಗಳಿಗೊಂದ್ಸಲ ಅಷ್ಟನ್ನೂ ಕಾಪಿ ಮಾಡಿ ಆಮೇಲೆ ಹೂವು ಅಳಿಸ್ತೀನಿ. ಪಹಣಿ, ಮಾರ್ಕ್ಸ್ ಕಾರ್ಡ್, ಮನೆ ಪತ್ರ ಸ್ಕ್ಯಾನ್ ಮಾಡಿದ್ದು ಪಾಸ್‌ವರ್ಡ್ ಹಾಕಿದ ಫೋಲ್ಡರಲ್ಲಿ. ಅಪ್ಪನ ಮದುವೇದು ಕಪ್ಪು ಬಿಳುಪು ಹನ್ನೆರಡೇ ಫೋಟೋ ಇರೋದು, ಅದೂ ಅಲ್ಲೇ.

ಹೋದ ವರ್ಷ ಅದೇ ಅರಸೀಕೆರೆ ಮನೆಯವ್ರು ಮೊಮ್ಮಗುವಿನ ನಾಮಕರಣಕ್ಕೆ ನಮ್ಮನ್ನೇ ಕರೆದ್ರು, ನಾನಂತೂ ನಿರೀಕ್ಷೆ ಮಾಡಿರ್ಲಿಲ್ಲ, ಈ ಸಲ ನಾನೇ ಹೋದೆ. ತೊಟ್ಟಿಲು ಶಾಸ್ತ್ರ ಮುಗಿದು ಊಟಕ್ಕೆ ಕೂತಿದೀನಿ, ಹುಡುಗಿ ಅಪ್ಪ ಹೋಳಿಗೆ ಬಡಿಸ್ತಾ ಬಂದವ್ರು ನನ್ನ ಎಲೆ ಮುಂದೆ ನಿಂತು, "ಏನಪ್ಪಾ, ಈ ಸಲ ಎಷ್ಟು ಕಡೆ ಇಟ್ಟಿದೀಯಾ?" ಅಂದ್ರು.

"ಸದ್ಯಕ್ಕೆ ಎರಡು ಕಡೆ ಸಾರ್, ರಾತ್ರಿಗೆ ಮೂರು."

ಇನ್ನೊಂದು ಹೋಳಿಗೆ ಹಾಕಿದ್ರು.