ಬಿಲ್ಡರ್‌ಗೆ ಕೊಡುವ ದುಡ್ಡು ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದಿರಲಿ

ಜಾಗದ ಮಾಲೀಕರ ಪರವಾಗಿ ಕಟ್ಟಡದ ಕೆಲಸ ನೋಡಿಕೊಳ್ಳುವುದು ನನ್ನ ಉದ್ಯೋಗ. ಕೊಟೇಶನ್ ತರಿಸಬೇಕು, ಬಿಲ್ಡರ್‌ನ ಆರಿಸಬೇಕು, ಬಿಲ್ ಪಾಸ್ ಮಾಡಬೇಕು, ಕೀಲಿ ಕೈಗೆ ಬರೋವರೆಗೂ ಬೆನ್ನು ಬಿಡಬಾರದು. ಇದರಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಕಣ್ಣಿಡುವುದು ಆಗಿರುವ ಕೆಲಸ ಎಷ್ಟು, ಕೊಟ್ಟಿರುವ ದುಡ್ಡು ಎಷ್ಟು ಅನ್ನೋದರ ಮೇಲೆ. ದುಡ್ಡು ಮುಂದೆ ಹೋಯಿತು ಅಂದ್ರೆ ಹಿಡಿತ ನಮ್ಮ ಕೈ ತಪ್ಪಿತು ಅಂತಲೇ ಲೆಕ್ಕ.

ಇದರ ಬೀಜ ಕೊಟೇಶನ್‌ನಲ್ಲೇ ಇರುತ್ತದೆ. ಕೊಟೇಶನ್ ಬಂದ ತಕ್ಷಣ ಎಲ್ಲರೂ ಕೊನೆಯ ಪುಟ ತಿರುಗಿಸಿ ಒಟ್ಟು ಮೊತ್ತ ನೋಡುತ್ತಾರೆ. ನಾನು ಒಂದೊಂದು ಕೆಲಸದ ರೇಟನ್ನೂ ಎಲ್ಲರದ್ದು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದು ಸಲ ಒಟ್ಟು ಮೊತ್ತದಲ್ಲಿ ಎಲ್ಲರಿಗಿಂತ ಕಡಿಮೆ ಇದ್ದ ಬಿಲ್ಡರ್ ಒಬ್ಬರು ಪಾಯ ಅಗೆಯೋದಕ್ಕೆ ಉಳಿದವರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ರೇಟ್ ಹಾಕಿದ್ದರು. ಪೇಂಟಿಂಗ್‌ಗೆ ಹಾಕಿದ್ದ ರೇಟಿನಲ್ಲಿ ಬಣ್ಣದ ಡಬ್ಬವೂ ಬರುತ್ತಿರಲಿಲ್ಲ. ಹೀಗಾದರೆ ಮೊದಲ ಕೆಲವು ಬಿಲ್‌ಗಳಲ್ಲೇ ಲಾಭ ಪೂರ್ತಿ ಅವರ ಕೈ ಸೇರುತ್ತದೆ. ಆಮೇಲೆ ಉಳಿಯುವುದು ಅವರಿಗೆ ನಷ್ಟದ ಕೆಲಸ. ಸೈಟಿಗೆ ಬರುವ ಜನ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾರೆ. ಆಗ ಬೇರೆಯವರನ್ನು ಕರೆದರೆ ಉಳಿದ ಕೆಲಸಕ್ಕೆ ನಿಜವಾದ ರೇಟ್ ಕೇಳುತ್ತಾರೆ. ಇನ್ನೊಬ್ಬರು ಅರ್ಧ ಮಾಡಿಟ್ಟ ಕೆಲಸಕ್ಕೆ ಜವಾಬ್ದಾರಿ ಹೊರಲು ಯಾರು ತಾನೇ ಒಪ್ಪುತ್ತಾರೆ?

ಆ ಕಡಿಮೆ ಮೊತ್ತದ ಬಿಲ್ಡರ್ ಅವರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ. "ಶುರುವಿನಲ್ಲಿ ಕಬ್ಬಿಣ, ಸಿಮೆಂಟ್ ಎತ್ತೋಕೆ ಕೈಯಲ್ಲಿ ದುಡ್ಡು ಬೇಕಲ್ವಾ ಸರ್" ಅಂದರು. ನ್ಯಾಯವಾದ ಮಾತೇ. ಹಾಗಾದರೆ ಅದನ್ನು ಅಡ್ವಾನ್ಸ್ ಅಂತಲೇ ತೆಗೆದುಕೊಳ್ಳಿ, ಅದಕ್ಕೆ ಬ್ಯಾಂಕ್ ಗ್ಯಾರಂಟಿ (ನೀವು ತಪ್ಪಿದರೆ ಬ್ಯಾಂಕೇ ದುಡ್ಡು ಕೊಡುತ್ತದೆ ಅನ್ನೋ ಪತ್ರ) ಕೊಡಿ, ಪ್ರತಿ ಬಿಲ್‌ನಲ್ಲೂ ಇಷ್ಟಿಷ್ಟು ಮುರಿದುಕೊಳ್ಳುತ್ತೇವೆ, ರೇಟ್‌ಗಳನ್ನು ಮಾತ್ರ ಸರಿ ಮಾಡಿ ಅಂದೆ. ಒಪ್ಪಿಕೊಂಡರು. ಕೆಲಸ ಅವರಿಗೇ ಕೊಟ್ಟೆವು.

ರೇಟ್ ಹೋಲಿಸಬೇಕಾದರೆ ಯಾವ ಕೆಲಸ ಎಷ್ಟು ಅನ್ನೋ ಪಟ್ಟಿ, ಡ್ರಾಯಿಂಗ್ ಎರಡೂ ಎಲ್ಲರಿಗೂ ಒಂದೇ ಹೋಗಿರಬೇಕು. ರೇಟಿನಲ್ಲಿ ಏನೇನು ಸೇರಿಲ್ಲ ಅಂತಲೂ ಬರೆಸಿಕೊಳ್ಳಿ. ಮುಂದೆ ಜಗಳ ಹುಟ್ಟುವುದು ಅಲ್ಲೇ.

ಬಿಲ್ಡರ್‌ಗಳು ತಮ್ಮ ಚೆಂದದ ಕಟ್ಟಡವನ್ನೇ ತೋರಿಸುತ್ತಾರೆ. ನಾನು ಕೇಳುವುದು ಈಗ ಅರ್ಧ ಆಗಿರುವ ಸೈಟ್. ಸಿಮೆಂಟ್ ಮೂಟೆ ಹಲಗೆ ಮೇಲಿದೆಯಾ, ನೆಲಕ್ಕೇ ಒರಗಿದೆಯಾ? ನಿನ್ನೆ ಹಾಕಿದ ಕಾಂಕ್ರೀಟ್ ಒಣಗದಂತೆ ಮೇಲೆ ನೀರು ಕಟ್ಟಿದ್ದಾರಾ? ಮೇಸ್ತ್ರಿ ಹತ್ತಿರ ನಿಂತು ಮಾತಾಡಿದರೆ ಕೂಲಿ ಸಮಯಕ್ಕೆ ಸಿಗುತ್ತಿದೆಯಾ ಅನ್ನೋದೂ ತಿಳಿಯುತ್ತದೆ. ಕೂಲಿ ಬಾಕಿ ಇರುವ ಸೈಟಿನಿಂದ ಜನ ಯಾವತ್ತು ಬೇಕಾದರೂ ಎದ್ದು ಹೋಗಬಹುದು. ಹಳೇ ಗಿರಾಕಿಗಳು ಸಿಕ್ಕರೆ ನಾನು ಕೇಳುವುದು ಒಂದೇ: ಕೀಲಿ ಕೊಟ್ಟ ಮೇಲೆ ಫೋನ್ ಎತ್ತುತ್ತಾರಾ?

ಕೆಲಸ ಶುರುವಾದ ಮೇಲೆ ಬರೀ ತಾರೀಕು ನೋಡಿ ದುಡ್ಡು ಕೊಡಬಾರದು, ಮುಗಿದು ಪರೀಕ್ಷೆ ಆದ ಕೆಲಸ ನೋಡಿ ಕೊಡಬೇಕು. ಸ್ಲ್ಯಾಬ್ ಹಾಕಿದ ದಿನವೇ ಅದರ ಪೂರ್ತಿ ಹಣ ಬಿಡುವುದಿಲ್ಲ. ಪರೀಕ್ಷೆಗೆ ಅಂತ ಅದೇ ಕಾಂಕ್ರೀಟಿನಿಂದ ಮಾಡಿಟ್ಟ 150 ಮಿಲಿಮೀಟರ್ ಕ್ಯೂಬ್‌ಗಳು 7 ದಿನಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಬಲ ತೋರಿಸುತ್ತವೆ. ವಿನ್ಯಾಸದಲ್ಲಿ ಹೇಳಿದ ಬಲವನ್ನು ಅಳೆಯುವುದು 28ನೇ ದಿನ. ಹಣದ ಸ್ವಲ್ಪ ಪಾಲು ಆ ರಿಪೋರ್ಟ್ ಬಂದ ಮೇಲೆ. ಬಚ್ಚಲುಮನೆಗೂ ಅಷ್ಟೇ. ಟೈಲ್ಸ್ ಹಾಕುವ ಮುಂಚೆ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿ ಒಣಗಿದೆ ಅಂತ ನೋಡಿದ ಮೇಲೇ ಬಿಲ್.

ಕಾಂಕ್ರೀಟ್ ಬೀಳುವ ಮುಂಚಿನ ಒಂದು ಗಂಟೆ ನನಗೆ ಬಹಳ ಮುಖ್ಯ. ಬಾಲ್ಕನಿಯಂತೆ ಗೋಡೆಯಿಂದ ಹೊರಚಾಚಿದ ಸ್ಲ್ಯಾಬ್‌ನಲ್ಲಿ ಭಾರ ತಡೆಯುವ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರುತ್ತದೆ. ಕಟ್ಟುವಾಗ ಸರಿಯಾಗೇ ಕಟ್ಟಿರುತ್ತಾರೆ. ಆಮೇಲೆ ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡುತ್ತಾರೆ. ಕೆಳಗೆ ಕಬ್ಬಿಣದ ಕುದುರೆ (ಸರಳನ್ನೇ ಬಗ್ಗಿಸಿ ಮಾಡಿದ ಕಾಲು) ಇಟ್ಟು ಆಸರೆ ಕೊಟ್ಟಿರದಿದ್ದರೆ ಸರಳು ಕುಸಿದು ಕೆಳಗೆ ಕೂರುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಬಾಲ್ಕನಿ ಮುರಿದು ಬಿದ್ದಾಗಲೇ ಗೊತ್ತಾಗುವುದು, ಮೇಲೆ ಜನ ನಿಂತಿರುತ್ತಾರೆ. ಅದಕ್ಕೇ ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ಎಂಜಿನಿಯರ್ ಸಹಿ ಆದ ಮೇಲೇ ಮಿಕ್ಸರ್ ತಿರುಗಬೇಕು. ಕಾಂಕ್ರೀಟ್ ಲಾರಿ ಬಾಗಿಲಲ್ಲಿ ಕಾಯುತ್ತಿದ್ದರೂ ಸರಿ, ಇಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಮಧ್ಯದಲ್ಲಿ ಬದಲಾವಣೆ ಬಂದೇ ಬರುತ್ತದೆ. ಎಷ್ಟು ಖರ್ಚು, ಎಷ್ಟು ದಿನ ಜಾಸ್ತಿ, ಎರಡನ್ನೂ ಬರೆದು ಸಹಿ ಮಾಡಿಕೊಂಡು ಆಮೇಲೆ ಕೆಲಸಕ್ಕೆ ಕೈ ಹಾಕಿ.

ಇಷ್ಟೆಲ್ಲ ಬಿಗಿ ಮಾಡುವವರು ತಮ್ಮ ಮಾತನ್ನೂ ಉಳಿಸಿಕೊಳ್ಳಬೇಕು. ಬಿಲ್ ಸರಿ ಇದ್ದರೆ ಹೇಳಿದ ದಿನವೇ ದುಡ್ಡು ಹೋಗಬೇಕು. ಸುಮ್ನೆ ತಡ ಮಾಡುವ ಮಾಲೀಕರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೊಡೆತ ಬೀಳುವುದು ಮೊದಲು ಕೂಲಿಯವರಿಗೆ, ಆಮೇಲೆ ಕೆಲಸದ ಗುಣಮಟ್ಟಕ್ಕೆ.

ಪ್ರತಿ ಬಿಲ್‌ನಲ್ಲೂ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಹಿಡಿದಿಟ್ಟುಕೊಳ್ಳುವ ರೂಢಿ ಇದೆ. ಆ ಹಣದಲ್ಲಿ ಅರ್ಧವನ್ನು ಕೀಲಿ ಕೊಟ್ಟಾಗ ಬಿಡುವುದು, ಉಳಿದರ್ಧವನ್ನು ಆಮೇಲೆ ಕಾಣುವ ದೋಷವನ್ನು ಬಿಲ್ಡರ್ ಸರಿಪಡಿಸುವ ಅವಧಿ ಮುಗಿದಾಗ. ಆ ಅವಧಿ ಹೆಚ್ಚಾಗಿ ಒಂದು ವರ್ಷ ಇರುತ್ತದೆ. ಕೆಲವರು ಆರು ತಿಂಗಳಿಗೆ ಇಳಿಸಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ತಾರಸಿ ಸೋರುತ್ತದಾ, ಕಿಟಕಿ ಅಂಚಿನಿಂದ ನೀರು ಒಳಗೆ ಇಳಿಯುತ್ತದಾ ಅನ್ನೋದು ಜೋರು ಮಳೆ ಹೊಡೆದಾಗಲೇ ತಿಳಿಯುವುದು. ಅದಕ್ಕೆ ಒಂದು ಪೂರ್ತಿ ಮಳೆಗಾಲ ಆ ಅವಧಿಯೊಳಗೆ ಬರಬೇಕು ಅಂತ ಕರಾರಿನಲ್ಲೇ ಬರೆಸುತ್ತೇನೆ.